ಬಚ್ಚಿಯಜ್ಜಿಯ ಗಂಜಿ

ಬೈಂದೂರಿಗೆ ಹೊರಟವನು, ಬಸ್ಸಿಗೆ ಹೊತ್ತಿದೆಯೆಂದು ಕುಂದಾಪುರದಲ್ಲಿ ನಿಲ್ದಾಣದೆದುರಿನ ಆಸ್ಪತ್ರೆಗೆ ಹೊಕ್ಕೆ. ನಮ್ಮ ಮನೆಗೆ ಮೀನು ತರುತ್ತಿದ್ದ ಬಚ್ಚಿಯಜ್ಜಿ ಅಲ್ಲಿ ಮಲಗಿದ್ದಳು. ಮೈಗೆ ಕಸುವು ಬಂದರೆ ಮಾತ್ರ ಆಪರೇಷನ್ ಎಂದಿದ್ದರಂತೆ ಡಾಕ್ಟರು. ಅಜ್ಜಿಯೋ ಗಂಜಿ ಮುಟ್ಟುತ್ತಿರಲಿಲ್ಲ. ರೋಗಿಗಳ ಸೇವೆಗೆಂದು ಜರ್ಮನಿಯಿಂದ ಬಂದಿದ್ದ ಹುಡುಗಿ ಮಾರ್ಥಾ ಚಮಚ ಹಿಡಿದು ಕಾದಿದ್ದಳು. ತನ್ನ ಕೈಯಿಂದ ಉಣ್ಣಲು ಅಜ್ಜಿಗೆ ಮನಸ್ಸಿಲ್ಲವೇನೋ ಎಂದು ಅವಳ ಮುಖ ಸಣ್ಣಗಾಗಿತ್ತು.

"ಎಂತಕ್ಕೆ ಅಜ್ಜಿ, ಉಂಬುದಿಲ್ಯಾ?" ಎಂದೆ.

"ಸಮುದ್ರ ದಾಟಿ ಬಂದ್ ಹೆಣ್ಣ್ ಬರಿ ಹೊಟ್ಟೆಗ್ ನಿಂತಿತ್. ಅದ್ರ್ ಎದ್ರ್ ನಾ ಹ್ಯಾಂಗ್ ಉಂಬುದ್? ಮರ್ಯಾದಿ ಬ್ಯಾಡ್ದಾ?"

ಅದನ್ನು ಮಾರ್ಥಾಗೆ ಇಂಗ್ಲಿಷಿನಲ್ಲಿ ತಿಳಿಸಿದೆ. ಅವಳು ನಕ್ಕು, ಇನ್ನೊಂದು ಬಟ್ಟಲು ತರಿಸಿ, ಮಂಚದ ಬುಡದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು. ಉಪ್ಪಿನಕಾಯಿಯ ಮಿಡಿ ಕಚ್ಚಿದ್ದೇ ತಡ, ಕಣ್ಣಲ್ಲಿ ನೀರು.

"ಬೆಳಿ ಮುಖ ಕೆಂಪ್ ಆಯ್ತ್ ಕಾಣಿ!" ಎಂದು ಅಜ್ಜಿ ನಕ್ಕಳು, ನಗುತ್ತಲೇ ಬಾಯಿ ತೆರೆದಳು. ಅರ್ಧ ಬಟ್ಟಲು ಇಳಿಯಿತು.

ಹೊರಗೆ ಬಸ್ಸಿನ ಹಾರನ್ನು ಕೇಳಿ ನಾನು ಎದ್ದೆ. ಅಜ್ಜಿ ಚಮಚವನ್ನು ಕೈಯಲ್ಲಿ ತಡೆದಳು.

"ಹ್ವಾಯ್ ಒಡೇರೆ, ನೀವ್ ಉಂಡ್ರ್ಯಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಮಾರ್ಥಾ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಬಸ್ಸು ನನ್ನನ್ನು ಬಿಟ್ಟೇ ಬೈಂದೂರಿಗೆ ಹೋಯಿತು.