ಡಿಂಪ್ನಾ ಊದಿದ ಬಿಳಿ ಹೋರಿ

ಕಿಲ್‌ಗ್ಯಾರೆವ್ ಊರಿನ ಸುತ್ತಮುತ್ತ ಪ್ರದರ್ಶನಕ್ಕೆಂದು ಕರು ಹುಟ್ಟಿಸುವವರಲ್ಲಿ ಡಿಂಪ್ನಾ ಗ್ಯಾಫ್ನಿಯನ್ನು ಮೀರಿಸಿದವರಿರಲಿಲ್ಲ. ತಳಿ ಹೋರಿಗಳ ಬಣ್ಣದ ಚಿತ್ರಗಳನ್ನು ಆಕೆ ನಂಬುತ್ತಿರಲಿಲ್ಲ. "ಮುಂಗಾಲು ದಿಬ್ಬದ ಮೇಲಿಟ್ಟು, ಕೂದ್ಲು ಬಾಚಿ ಫೋಟೋ ತೆಗೆದ್ರೆ ನಾನೂ ಚೆಂದ ಕಾಣ್ತೀನಿ," ಎನ್ನುತ್ತಿದ್ದಳು. ಹೋರಿಗೆ ಹುಟ್ಟಿದ ಕರುಗಳಿರುವಲ್ಲಿಗೇ ಹೋಗಿ, ಹಿಂದೆ ನಿಂತು ತೊಡೆ ನೋಡಿ, ನಡೆಸಿ ಕಾಲು ನೋಡಿ, ತನ್ನ ಹಸುವಿನಲ್ಲಿ ಏನು ಕಮ್ಮಿಯೋ ಅದನ್ನು ತುಂಬುವ ಹೋರಿಯನ್ನೇ ಆರಿಸುತ್ತಿದ್ದಳು.

ಬೇಲಿಯಾಚೆಯ ಮ್ಯಾಲಕಿ ಹ್ಯಾನ್ಲಿಗೆ ಈ ಓಡಾಟ ಇರಲಿಲ್ಲ. ಮನೆಮನೆಗೆ ಬಂದು ಹಸುಗಳಿಗೆ ಹೋರಿ ಬೀಜದ ಇಂಜೆಕ್ಷನ್ ಕೊಡುವ ಲೋರ್ಕನ್‌ಗೆ ಚಹಾ ಕೊಟ್ಟು, "ಡಿಂಪ್ನಾ ಯಾವುದು ಹಾಕಿಸಿದ್ಲು?" ಎಂದು ಕೇಳಿದರೆ ಮುಗಿಯಿತು, ಅದನ್ನೇ ತನ್ನ ಹಸುವಿಗೂ ಹಾಕಿಸುತ್ತಿದ್ದ. ಲೋರ್ಕನ್‌ನ ಹೊಟ್ಟೆಯಲ್ಲಿ ಕೇಕ್ ನಿಲ್ಲುತ್ತಿತ್ತು, ಮಾತು ನಿಲ್ಲುತ್ತಿರಲಿಲ್ಲ.

ಮೂರು ಬೇಸಿಗೆ ಹೀಗೆ ಕಳೆದ ಮೇಲೆ ಡಿಂಪ್ನಾಳ ಹೊಟ್ಟೆ ಉರಿಯಿತು. ಆ ವರ್ಷ ತನ್ನ ಹಸು ಬೆದೆಗೆ ಬಂದಾಗ ಪಕ್ಕದ ಜಿಲ್ಲೆಯ ಇಂಜೆಕ್ಷನ್‌ನವನನ್ನು ಸದ್ದಿಲ್ಲದೆ ಕರೆಸಿ, ಉಬ್ಬು ತೊಡೆಯ ಬೆಲ್ಜಿಯನ್ ಬ್ಲೂ ಹೋರಿಯ ಬೀಜ ಹಾಕಿಸಿದಳು. ಆಮೇಲೆ ಲೋರ್ಕನ್ ಸಿಕ್ಕಾಗ ದನಿ ತಗ್ಗಿಸಿ, "ಯಾರಿಗೂ ಹೇಳ್ಬೇಡ ಮಾರಾಯ. ಈ ಸಲ ಬಿಳಿ ಶಾರ್ಟ್‌ಹಾರ್ನ್ ಹಾಕಿಸ್ದೆ," ಎಂದು ಕಿವಿಗೆ ಊದಿದಳು.

"ಆ ಹಳೇ ಕಾಲದ ತಳಿನಾ? ತೊಡೇನೇ ಇಲ್ವಲ್ಲ!"

"ಅದಕ್ಕೇ ಗುಟ್ಟು ಅನ್ನೋದು."

ವಾರದೊಳಗೆ ಮ್ಯಾಲಕಿಯ ಕಪ್ಪು ಲಿಮೂಸಿನ್ ತಳಿಯ ಹಸುವಿಗೆ ಬಿಳಿ ಹೋರಿಯ ಬೀಜ ಬಿತ್ತು. ಡಿಂಪ್ನಾ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಳು.

ಮುಂದಿನ ವರ್ಷ ಮ್ಯಾಲಕಿಯ ಕೊಟ್ಟಿಗೆಯಲ್ಲಿ ಹುಟ್ಟಿದ್ದು ಮೋಡದ ಬಣ್ಣದ ಹೆಣ್ಣುಗರು. ನೆಟ್ಟಗಿನ ಬೆನ್ನು, ಬಾಚಿದಷ್ಟೂ ಉಬ್ಬುವ ದಟ್ಟ ಕೂದಲು. ಡಿಂಪ್ನಾಳ ಕರುವಿಗೆ ತೊಡೆಯೇನೋ ಹಲಸಿನ ಹಣ್ಣಿನ ಹಾಗಿತ್ತು, ಬುದ್ಧಿ ಮಾತ್ರ ಇರಲಿಲ್ಲ. ಪ್ರದರ್ಶನದ ದಿನ ಡೋಲು ಬಾರಿಸಿದ್ದೇ ತಡ, ಅದು ಹಗ್ಗ ಹಿಡಿದ ಡಿಂಪ್ನಾಳನ್ನು ಎಳೆದುಕೊಂಡು ಚಹಾದ ಡೇರೆಯೊಳಗೆ ನುಗ್ಗಿತು. ಪಾದ್ರಿಗಳ ಮಡಿಲಿಗೆ ಕೆನೆ ಬಿತ್ತು. ಆಕೆ ಬೂಟಿನೊಳಗಿನ ಜಾಮ್ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಮೊದಲ ಬಹುಮಾನದ ಕೆಂಪು ಪಟ್ಟಿ ಮ್ಯಾಲಕಿಯ ಕರುವಿನ ಕೊರಳಲ್ಲಿತ್ತು. ಅವನು ಮೈಕ್ ಹಿಡಿದು, "ಈ ಹೋರಿ ಆರಿಸಿದ್ದು ನಮ್ಮ ಡಿಂಪ್ನಾ. ಇದು ಅವಳ ಗೆಲುವು," ಎನ್ನುತ್ತಿದ್ದ. ಜನ ಚಪ್ಪಾಳೆ ತಟ್ಟಿದರು. ಡಿಂಪ್ನಾ ಹಲ್ಲು ಕಚ್ಚಿಕೊಂಡೇ ನಕ್ಕಳು.

ದನ ತಂದ ಟ್ರೇಲರ್‌ಗಳ ಹಿಂದೆ ಅವನು ಸಿಕ್ಕಾಗ, ತಡೆಯಲಾಗದೆ ಬಾಯಿಬಿಟ್ಟಳು. "ಮ್ಯಾಲಕಿ, ನಾನು ಬಿಳಿ ಹೋರಿ ಹಾಕಿಸ್ದೆ ಅಂದಿದ್ದು ಸುಳ್ಳು ಕಣೋ. ನಿನ್ನ ಕೆಡಿಸ್ಬೇಕು ಅಂತಾನೇ ಹೇಳಿದ್ದು."

"ಗೊತ್ತಿತ್ತು."

"ಏನ್ ಗೊತ್ತಿತ್ತು?"

"ನಿನ್ನ ಹೋರಿ ಯಾವ್ದು ಅಂತ ನೀನಾಗೇ ಯಾವತ್ತಾದ್ರೂ ಬಾಯಿಬಿಟ್ಟಿದ್ಯಾ? ಗುಮಾನಿ ಬಂತು. ಆ ಹೋರಿ ಮಕ್ಕಳ್ನ ನೋಡೋಕೆ ಸ್ಲೈಗೋವರೆಗೂ ಹೋದೆ. ನಿನ್ನ ಹಾಗೇ ಹಿಂದೆ ನಿಂತು ನೋಡ್ದೆ, ನಡೆಸಿ ನೋಡ್ದೆ. ನನ್ನ ಹಸುಗೆ ತೊಡೆ ಬೇಕಾದಷ್ಟಿದೆ ಮಾರಾಯ್ತಿ. ಕಮ್ಮಿ ಇದ್ದಿದ್ದು ಬೆನ್ನು, ಕೂದ್ಲು."

ಡಿಂಪ್ನಾ ಕಣ್ಣುಕಣ್ಣು ಬಿಟ್ಟಳು. ಇಷ್ಟು ವರ್ಷ ಅವನು ಹೋರಿಯ ಹೆಸರನ್ನಷ್ಟೇ ಅಲ್ಲ, ನೋಡುವ ಬಗೆಯನ್ನೂ ಕದ್ದಿದ್ದ. "ಹಾಗಾದ್ರೆ ಮೈಕಲ್ಲಿ ನನ್ನ ಹೆಸರು ಯಾಕೆ ಹೇಳ್ದೆ, ಕಳ್ಳ?"

"ನಿನ್ನ ಮುಖ ನೋಡೋಕೆ."

ಆಕೆ ಕರು ಬಾಚುವ ಬಾಚಣಿಗೆ ಎತ್ತಿ ಅವನ ಟೋಪಿಗೆ ಬೀಸಿದಳು. ಆಮೇಲೆ ಜಾಮ್ ಮೆತ್ತಿದ ಬೂಟು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಈಗ ಇಬ್ಬರೂ ಒಂದೇ ಕಾರಿನಲ್ಲಿ ಹೋರಿ ನೋಡಲು ಹೊರಡುತ್ತಾರೆ. ಹೋಗುವಾಗ ದಾರಿಯುದ್ದಕ್ಕೂ ಜಗಳ; ಬರುವಾಗ ಹೋರಿಯ ಹಿಂಗಾಲಿನ ವಿಚಾರಕ್ಕೆ ಮುನಿಸಿಕೊಂಡು ಮಾತು ಬಿಟ್ಟಿರುತ್ತಾರೆ.