ಎವುಸೇಬಿಯಾಳ ಕಾರಿನ ಫ್ಯಾನು

ಎವುಸೇಬಿಯಾ ಕಾಲಿಸಾಯಾ ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನ ಒಬ್ಬಳೇ ಹೆಣ್ಣು ಡ್ರೈವರ್. ಎರಡು ಜಡೆ, ತಲೆಯ ಮೇಲೆ ಟೋಪಿ, ನೆರಿಗೆಯ ಲಂಗವನ್ನು ತೊಡೆಯ ಕೆಳಗೆ ಮಡಚಿಕೊಂಡು ಕ್ಲಚ್ ತುಳಿಯುತ್ತಾಳೆ. ದೇಶದ ಗ್ಯಾಸನ್ನು ಹೊರಗೆ ಮಾರಬಾರದೆಂದು ಗಲಾಟೆಯೆದ್ದ ವರ್ಷ, ದಾರಿ ತಡೆಯಲು ರಸ್ತೆಗೆ ಕಲ್ಲು ಉರುಳಿಸುವಾಗ ನನ್ನ ಪಕ್ಕದಲ್ಲಿದ್ದವಳು. ಅಶ್ರುವಾಯು ಸಿಡಿದಾಗಲೂ ಓಡಲಿಲ್ಲ. ಈ ಕಾರನ್ನು ಬಿಟ್ಟು ಓಡಿಹೋಗಬೇಕು ಅನ್ನಿಸುತ್ತದೆಂದು ಮಾತ್ರ ದಿನಾ ಹೇಳುತ್ತಿದ್ದಳು.

ಕಾರು ಜಪಾನಿನಲ್ಲಿ ಹಳತಾಗಿ ಹಡಗು ಹತ್ತಿ ಬಂದದ್ದು. ಬಲಗಡೆಯಿದ್ದ ಸ್ಟೀರಿಂಗನ್ನು ಯಾರೋ ಕಿತ್ತು ಎಡಕ್ಕೆ ಕೂರಿಸಿದ್ದರು. ನಮ್ಮಲ್ಲಿ ಅರ್ಧ ಟ್ಯಾಕ್ಸಿಗಳು ಹಾಗೆಯೇ. ಆದರೆ ಇವಳದು ಕೆಳಗಿನ ಲಾ ಪಾಸ್‌ನಿಂದ ಮೇಲಿನ ಎಲ್ ಆಲ್ಟೋಗೆ ಏರುವಾಗ ಅರ್ಧ ಗುಡ್ಡದಲ್ಲಿ ಕುದಿಯುತ್ತಿತ್ತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿ, ಬಾನೆಟ್ಟಿನಿಂದ ಹಬೆ ಎದ್ದು, ಪ್ಯಾಸೆಂಜರುಗಳು ಉಗಿದು ಇಳಿದುಹೋಗುತ್ತಿದ್ದರು. ಡ್ರೈವರುಗಳ ಸಂಘದ ಪುಸ್ತಕದಲ್ಲಿ ಹೀಗೆ ನಿಂತದ್ದು ಎರಡು ಸಲ ದಾಖಲಾಗಿತ್ತು. ಮೂರನೆಯ ಸಲ ನಿಂತರೆ ಸಾಲಿನಲ್ಲಿ ಸರದಿ ಹೋಯಿತು, ಅದು ಸಂಘದ ಕಾನೂನು. ಮನೆಯ ಒಲೆ ಉರಿಯುವುದೇ ಆ ಸರದಿಯಿಂದ. ಕಾರ್ಯದರ್ಶಿ ಫೋರ್ತುನಾತೋನ ಅಳಿಯ ಆಗಲೇ ತನ್ನ ಕಾರು ತೊಳೆದು, ಕೋಕಾ ಎಲೆ ಜಗಿಯುತ್ತ ಸ್ಟ್ಯಾಂಡಿನಾಚೆ ಕಾಯುತ್ತಿದ್ದ.

ಮೆಕ್ಯಾನಿಕ್ ಕಿತೇರಿಯೋ ನೀರಿನ ಪಂಪು ಬದಲಿಸಿದ. ಥರ್ಮೋಸ್ಟಾಟ್ ಕಿತ್ತೆಸೆದ. ರೇಡಿಯೇಟರ್ ಬಿಚ್ಚಿ ಉಜ್ಜಿದ. ಕೊನೆಗೆ ಫ್ಯಾನಿಗೆ ಹೊಸ ಮೋಟಾರೇ ಹಾಕಿದ. ಅವನ ಶೆಡ್ಡಿನಲ್ಲಿ ಆ ಹಡಬೆ ಕಾರು ಕುದಿಯದೆ ಸಾಧುವಿನಂತೆ ನಿಲ್ಲುತ್ತಿತ್ತು.

"ಫ್ಯಾನ್ ತಿರುಗ್ತಿದೆ, ಗಾಳಿ ಬರ್ತಿದೆ. ಇನ್ನೇನು ಬೇಕಕ್ಕ ನಿಂಗೆ?"

"ಗುಡ್ಡ ಹತ್ಬೇಕು ಕಣಯ್ಯ! ನಿನ್ನ ಶೆಡ್ಡಲ್ಲಿ ಕೂರಿಸಿದ್ರೆ ಯಾವನು ದುಡ್ಡು ಕೊಡ್ತಾನೆ?"

"ಹಂಗಾದ್ರೆ ಓಡಿಸೋದು ಸರಿ ಇಲ್ಲ. ಹೆಂಗಸ್ರು ಗೇರ್ ಎಳೆದಾಡ್ತೀರ."

ಅವಳು ಸ್ಪ್ಯಾನರ್ ಎತ್ತಿದಳು. ನಾನು ಕೈ ಹಿಡಿದೆ. ಹಿಡಿಯಬಾರದಿತ್ತು.

ಕಾರ್ನಿವಲ್ ಹಬ್ಬದ ಮಂಗಳವಾರ ಬಂತು. ಅಂದು ಎಲ್ಲರೂ ಗಾಡಿಗೆ ಕಾಗದದ ಚೂರು, ಹೂವಿನ ಎಸಳು ಎರಚಿ, ಭೂತಾಯಿಗೆ ಬಿಯರ್ ಚೆಲ್ಲುತ್ತಾರೆ. ಎವುಸೇಬಿಯಾ ಸಿಟ್ಟಿನಲ್ಲಿ ಏನೂ ಮಾಡದೆ ಎಂಜಿನ್ ಓಡಿಸುತ್ತ ಮುಳ್ಳನ್ನೇ ದಿಟ್ಟಿಸುತ್ತ ಕೂತಿದ್ದಳು.

"ಗಾಡೀನ ಉಪವಾಸ ಕೆಡವಿ ಓಡು ಅಂದ್ರೆ ಓಡ್ತದೇನೇ?" ಎಂದು ಅವಳ ಚಿಕ್ಕಮ್ಮ ಸತುರ್ನೀನಾ ಬೈದು, ಕಾರಿನ ಮೂತಿಗೆ ಒಂದು ಬೊಗಸೆ ಕಾಗದದ ಚೂರು ಎರಚಿದಳು. ಅಷ್ಟರಲ್ಲಿ ಫ್ಯಾನು ತಿರುಗತೊಡಗಿತ್ತು. ಚೂರೆಲ್ಲ ಹಾರಿ ಬಂದು ಮುದುಕಿಯ ಬಾಯಿ ತುಂಬಿತು.

"ಥೂ! ಭೂಮ್ತಾಯಿ ಮುನಿಸ್ಕೊಂಡವ್ಳೆ ಕಣೇ! ಕೊಟ್ಟಿದ್ದನ್ನ ಮುಖಕ್ಕೇ ಎಸೀತಾವ್ಳೆ!"

ಎವುಸೇಬಿಯಾ ಇಳಿದು ಬಂದು ತಾನೂ ಒಂದು ಹಿಡಿ ಎಸೆದಳು. ಅದೂ ವಾಪಸ್ಸು. ಟೋಪಿಯಿಂದ ಚೂರು ಕೊಡವಿಕೊಂಡು ಬಗ್ಗಿ ನೋಡಿದಳು.

"ಭೂಮ್ತಾಯಿ ಅಲ್ಲ ಚಿಕ್ಕಮ್ಮ. ಈ ಬೇವರ್ಸಿ ಫ್ಯಾನು ಉಲ್ಟಾ ಊದ್ತಿದೆ."

ಮುಂದಿನ ಗಾಳಿಯನ್ನು ಒಳಗೆ ಎಳೆಯಬೇಕಾದ ಫ್ಯಾನು ಹೊರಗೆ ತಳ್ಳುತ್ತಿತ್ತು. ಸ್ಟೀರಿಂಗ್ ಬದಲಿಸಿದವರು ವೈರುಗಳನ್ನೂ ಕತ್ತರಿಸಿ, ಫ್ಯಾನಿನವೆರಡನ್ನು ಅದಲುಬದಲಾಗಿ ಸೇರಿಸಿದ್ದರು. ಅದೇ ವೈರುಗಳಿಗೆ ಹೊಸ ಮೋಟಾರು ಹಾಕಿದರೂ ಅದೇ ಕಥೆ. ನಿಂತ ಕಾರಿನಲ್ಲಿ ಎತ್ತ ಬೀಸಿದರೂ ಗಾಳಿ ಗಾಳಿಯೇ, ಹೇಗೋ ತಣಿಯುತ್ತಿತ್ತು. ಗುಡ್ಡದಲ್ಲಿ ಮುಂದಿನಿಂದ ಬೀಸುವ ಗಾಳಿಗೆ ಹಿಂದಿನಿಂದ ಫ್ಯಾನು ಎದುರು ನಿಲ್ಲುತ್ತಿತ್ತು. ಇಬ್ಬರ ಜಗಳದಲ್ಲಿ ರೇಡಿಯೇಟರ್ ಬೆಂದಿತ್ತು. ಎವುಸೇಬಿಯಾ ವೈರಿನ ತುದಿಯನ್ನು ಹಲ್ಲಿನಿಂದ ಸುಲಿದು, ಅದಲುಬದಲು ಮಾಡಿ ಕಟ್ಟಿದಳು. ಇಷ್ಟೇ. ಇಷ್ಟಕ್ಕೆ ಇಡೀ ಚಳಿಗಾಲ, ಅರ್ಧ ಮಳೆಗಾಲ ಹಾಳು.

ಮಾರನೆಯ ಬೆಳಿಗ್ಗೆ ಅವಳ ಸರದಿಯಲ್ಲಿ ಕಾರ್ಯದರ್ಶಿಯ ಅಳಿಯ ನಿಂತಿದ್ದ.

"ಮೂರನೇ ಸಲ ನಿಂತಿಲ್ಲವಲ್ಲ!" ಎಂದಳು.

"ಇವತ್ತಲ್ಲ ನಾಳೆ ನಿಲ್ಲುತ್ತೆ ಬಿಡಮ್ಮ," ಎಂದ ಫೋರ್ತುನಾತೋ.

ಎವುಸೇಬಿಯಾ ಕಾರನ್ನು ಸ್ಟ್ಯಾಂಡಿನ ಬಾಯಿಗೆ ಅಡ್ಡ ತಂದು ನಿಲ್ಲಿಸಿದಳು. ಹಿಂದೆ ಹಾರ್ನುಗಳ ಗದ್ದಲ.

"ದಾರಿ ತಡೆಯೋಕೆ ಸಂಘದ ತೀರ್ಮಾನ ಬೇಕು!" ಫೋರ್ತುನಾತೋ ಕೂಗಿದ.

"ನೀನೇ ಸಂಘ ತಾನೇ, ಫೋರ್ತುನಾತೋ ಸಾಹೇಬ? ಬಾ, ಹತ್ತು. ಮೇಲಕ್ಕೆ ಹೋಗಿ ತೀರ್ಮಾನ ಮಾಡೋಣ. ಕುದಿದ್ರೆ ಸರದಿ ನಿನ್ನ ಅಳಿಯನದು."

ಹತ್ತಿದ. ಹಿಂದೆ ಪ್ಯಾಸೆಂಜರುಗಳ ಜೊತೆ ನಾನೂ ತುರುಕಿಕೊಂಡೆ. ಗುಡ್ಡದುದ್ದಕ್ಕೂ ಮುಂದೊಂದು ಇಟ್ಟಿಗೆ ಲಾರಿ, ಬಸವನಹುಳುವಿನ ನಡಿಗೆ. ಅವಳು ಅದಕ್ಕೂ ಬೈದಳು, ಫೋರ್ತುನಾತೋಗೂ ಬೈದಳು. ಮುಳ್ಳು ಮಧ್ಯದಿಂದ ಅಲುಗಲಿಲ್ಲ.

ಮೇಲೆ ಮುಟ್ಟಿದಾಗ ಅವನು ಗಂಟಲು ಸರಿಮಾಡಿಕೊಂಡ. "ಸರಿ, ಸರದಿ ನಿಂದೇ. ಆದ್ರೆ ದಾರಿ ತಡೆದಿದ್ದಕ್ಕೆ ಶಿಕ್ಷೆ ಇದೆ. ಒಂದು ತಿಂಗಳು ಸ್ಟ್ಯಾಂಡ್ ಗುಡಿಸು."

ಗ್ಯಾಸ್ ಗಲಾಟೆಯಲ್ಲಿ ಊರಿಗೆ ಊರನ್ನೇ ತಡೆದು ನಿಲ್ಲಿಸಿ ಸರಕಾರ ಇಳಿಸಿದ ಸಂಘ ನಮ್ಮದು. ಅದರ ಕಾರ್ಯದರ್ಶಿ ಆಡಿದ ಮಾತಿದು.

"ಗುಡಿಸ್ತೀನಿ," ಎಂದು ಎವುಸೇಬಿಯಾ ಕೈ ಚಾಚಿದಳು. "ಮೊದಲು ದುಡ್ಡು ಕೊಟ್ಟು ಇಳಿ. ಮುಂದಿನ ಸೀಟಿಗೆ ಜಾಸ್ತಿ."

ಗೊಣಗುತ್ತ ದೊಡ್ಡ ನೋಟು ಕೊಟ್ಟ. ಚಿಲ್ಲರೆ ಇಲ್ಲವೆಂದಳು.