ಸಾಲವಿಲ್ಲದ ಸೊಸೆ

ನನ್ನ ನೆಗೆಣ್ಣಿಯ ಮನೆಯ ಅಡುಗೆ ಕಟ್ಟೆ ಕರಿ ಗ್ರಾನೈಟಿನದು. ಗೃಹಪ್ರವೇಶದ ದಿನ ಹಾಲು ಉಕ್ಕಿ ಅದರ ಮೇಲೆ ಚೆಲ್ಲಿದಾಗ ಒರೆಸಿದವಳು ನಾನೇ. ಒಂದು ಸಲ ಬಟ್ಟೆ ಆಡಿಸಿದ್ದೇ ತಡ, ಮುಖ ಕಾಣುವಷ್ಟು ಹೊಳೆಯಿತು. ಅದರಲ್ಲಿ ಕಂಡ ನನ್ನ ಮುಖ ನನಗೇ ಹಿಡಿಸಲಿಲ್ಲ. ಹೊಟ್ಟೆಕಿಚ್ಚು ಅಂದರೆ ಅದೇ. ಬಂದದ್ದು ಇವತ್ತಿಗೂ ಪೂರ್ತಿ ಹೋಗಿಲ್ಲ.

ಹರಪನಹಳ್ಳಿಯಲ್ಲಿ ನಮ್ಮದು ಬಾಡಿಗೆ ಮನೆ. ನಮ್ಮ ಯಜಮಾನರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಎರಡು ಓಣಿ ಆಚೆ ಅವರ ತಮ್ಮ, ಹೈಸ್ಕೂಲು ಮೇಷ್ಟ್ರು. ಅಣ್ಣ ತಮ್ಮನ ಸಂಬಳದಲ್ಲಿ ಹೇಳಿಕೊಳ್ಳುವ ಅಂತರವೇನೂ ಇರಲಿಲ್ಲ. ಅಂತರ ಇದ್ದದ್ದು ಸೊಸೆಯರಲ್ಲಿ. ನಾನು ತೊಂಬತ್ತರ ದಶಕದ ಶುರುವಿನಲ್ಲೇ ಬಂದು ಅತ್ತೆಯ ಕೈಯಲ್ಲಿ ಪಳಗಿದವಳು. ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಬರುವ ಹೊತ್ತಿಗೆ ಆ ಕೈ ಸಡಿಲಾಗಿತ್ತು.

ಅತ್ತೆ ಹಿರೇಹಡಗಲಿ ಕಡೆಯವರು. ಸಾಲ ಅಂದರೆ ಅವರಿಗೆ ಹೇಸಿಗೆ. ನಾನು ಬಂದ ಹೊಸತರಲ್ಲಿ, ಸೈಕಲ್ಲಿನ ಮೇಲೆ ಗಂಟು ಹೇರಿಕೊಂಡು ಕಂತಿನ ಸೀರೆ ಮಾರುವವನು ಬಂದಿದ್ದ. ನವಿಲು ಬಣ್ಣದ್ದೊಂದು ಇಸಿದುಕೊಂಡೆ. ಅವನು ಓಣಿ ತಿರುವು ದಾಟುವುದರೊಳಗೆ ಅತ್ತೆ ಕೂಗಿ ಕರೆದು ಸೀರೆ ವಾಪಸು ಕೊಟ್ಟರು. “ಮಂದಿ ರೊಕ್ಕದ ಸೀರಿ ಉಟ್ಕಂಡು ಓಡಾಡಾಕ ನಾಚಿಕಿ ಬರಂಗಿಲ್ಲೇನವ್ವ?” ಅಂದರು. ನಾಚಿಕೆ ಬಂತು. ಆಮೇಲೆ ಕಂತು ಎಂಬ ಮಾತನ್ನೇ ಬಿಟ್ಟೆ. ಸವೆದ ಸೋಪನ್ನು ಹೊಸ ಸೋಪಿಗೆ ಅಂಟಿಸುವುದನ್ನು ಕಲಿತೆ. ಗ್ಯಾಸ್ ಬಂದ ಮೇಲೂ ಸ್ನಾನದ ನೀರನ್ನು ಕಟ್ಟಿಗೆಯಲ್ಲೇ ಕಾಯಿಸಿದೆ.

ಇದಕ್ಕೆಲ್ಲ ಒಂದು ಆಸೆಯೂ ಇತ್ತು ಅನ್ನಿ. ಅತ್ತೆಯ ಕೊರಳಲ್ಲಿ ಒಂದೆಳೆ ಗುಂಡಿನ ಸರ. “ಹಿರೇ ಸೊಸಿಗೆ ಇದು” ಎಂದು ನನ್ನ ಮದುವೆಯಲ್ಲೇ ನಾಲ್ಕು ಜನರ ಮುಂದೆ ಹೇಳಿದ್ದರು. ದೀಪಾವಳಿ ಬಂತೆಂದರೆ ಅದನ್ನು ಅಂಟುವಾಳದ ನೀರಲ್ಲಿ ನೆನೆಹಾಕಿ ಉಜ್ಜುತ್ತಿದ್ದವಳು ನಾನು. ಬಂಗಾರಕ್ಕಿಂತ ಹೆಚ್ಚಾಗಿ, ಅತ್ತೆ ಮೆಚ್ಚಿದ ಸೊಸೆ ಅನ್ನಿಸಿಕೊಳ್ಳುವುದು ನನಗೆ ಬೇಕಿತ್ತು.

ಆಮೇಲೆ ಬಡ್ಡಿ ಇಳಿದ ಕಾಲ ಬಂತು. ಬ್ಯಾಂಕಿನವರು ಮೇಷ್ಟ್ರುಗಳನ್ನು ಹುಡುಕಿಕೊಂಡು ಬಂದು ಮನೆ ಸಾಲ ಕೊಡತೊಡಗಿದರು. ನೆಗೆಣ್ಣಿ ಓಡೋಡಿ ಬಂದು, “ಅಕ್ಕಾ, ಬಾಡಿಗಿ ಕಟ್ಟೋ ಬದಲಿ ಕಂತು ಕಟ್ಟಿದ್ರ ಮನಿ ನಮ್ದಾಗತೈತಿ. ನೀವೂ ಅರ್ಜಿ ಹಾಕ್ರಿ” ಅಂದಳು. ನಾನು ಮೂಗು ಮುರಿದೆ. ಅತ್ತೆಯ ಬಾಯಿಂದ ಇವಳಿಗೆ ಮಂಗಳಾರತಿ ಆಗುವುದನ್ನು ನೋಡೋಣ ಎಂದು ಕಾದೆ.

ಮನೆ ಎದ್ದಿತು, ಅತ್ತೆ ಏನೂ ಅನ್ನಲಿಲ್ಲ. ಗೃಹಪ್ರವೇಶಕ್ಕೆಂದು ಕೈಚೀಲ ಹಿಡಿದು ಹೋದವರು ಅಲ್ಲೇ ಉಳಿದರು. ಕರೆಯಲು ಹೋದರೆ, “ಇಲ್ಲಿ ಕುರ್ಚಿ ಥರದ ಕಕ್ಕಸು ಐತಿ ನೋಡು, ಮಣಕಾಲಿಗೆ ಹಗುರ ಆಗೇತಿ” ಅಂದರು. ಹದಿನೈದು ವರ್ಷ ನಾನು ಆ ಮೊಣಕಾಲಿಗೆ ಎಣ್ಣೆ ತಿಕ್ಕಿದ್ದೇನೆ. ಸಾಲದ ಕಕ್ಕಸು ನನ್ನನ್ನು ಸೋಲಿಸಿತು.

ಆದರೆ ಬಡ್ಡಿ ಮತ್ತೆ ಏರತೊಡಗಿತು. ಏರಿಳಿಯುವ ಬಡ್ಡಿಯ ಸಾಲ ಅದು. ತೆಗೆದುಕೊಳ್ಳುವಾಗ ಇಳಿಯುವುದನ್ನಷ್ಟೇ ಯೋಚಿಸಿದ್ದರು. ಕಂತು ಒಮ್ಮೆ ಹೆಚ್ಚಿತು, ವರ್ಷ ತುಂಬುವುದರೊಳಗೆ ಮತ್ತೊಮ್ಮೆ. ಮೈದುನ ಮೋಟರ್ ಸೈಕಲ್ ಮಾರಿದನೆಂದು ಯಜಮಾನರು ಹೇಳಿದ ದಿನ ನಾನು ಮಂಡಕ್ಕಿ ಒಗ್ಗರಣೆ ಮಾಡಿ, ಜೊತೆಗೆ ಮಿರ್ಚಿ ಕರಿದೆ. “ಏನಿವತ್ತು ವಿಶೇಷ?” ಎಂದು ಕೇಳಿದರು. ಏನಿಲ್ಲ ಅಂದೆ.

ಮಾರನೆಯ ದಿನ ಸಮಾಧಾನ ಹೇಳುವ ನೆಪದಲ್ಲಿ ನೋಡಲು ಹೋದೆ. ನೆಗೆಣ್ಣಿ ಗ್ರಾನೈಟ್ ಕಟ್ಟೆಗೆ ಒರಗಿ ಅಳುತ್ತಿದ್ದಳು. ಅತ್ತೆ ಕೊರಳಿಗೆ ಕೈಹಾಕಿ ಗುಂಡಿನ ಸರದ ಕೊಂಡಿ ಬಿಚ್ಚುತ್ತಿದ್ದರು. ಅದು ಬಿಗಿಯಾಗಿ ಬಿಚ್ಚಲಾಗದೆ, ನನ್ನನ್ನು ಕಂಡು, “ಬಾ, ಇದೊಂದು ಬಿಡಿಸಿ ಕೊಡು” ಅಂದರು. ಬಿಡಿಸಿ ಕೊಟ್ಟೆ. ಅದನ್ನು ಅವಳ ಕೈಗೆ ಹಾಕಿ, “ಇದನ್ನ ಮಾರಿ ಬ್ಯಾಂಕಿಗೆ ಕಟ್ರಿ. ಕಂತು ಇಳೀತೈತಂತ” ಅಂದರು.

ನನಗೆ ತಡೆಯಲಾಗಲಿಲ್ಲ. “ಅತ್ತೀ, ಅದು ಹಿರೇ ಸೊಸಿಗೆ ಅಂದಿದ್ರಲ್ಲ?”

ಅತ್ತೆಗೆ ನಿಜಕ್ಕೂ ಆಶ್ಚರ್ಯವಾಯಿತು. “ನಿನಗ್ಯಾಕವ್ವ? ನಿನಗೇನ್ ಸಾಲ ಐತಿ?”

ಆ ವಾರವೇ ನಾನು ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋಗಿ ಕಂತಿನ ಮೇಲೆ ಫ್ರಿಜ್ ತಂದೆ. ಯಜಮಾನರು ಬಾಯಿ ಬಿಟ್ಟುಕೊಂಡು ನೋಡಿದರು. ಅತ್ತೆ ಯುಗಾದಿಗೆ ಬಂದಾಗ ಅದರ ಬಾಗಿಲಿಗೆ ಕೈಯಿಟ್ಟು, “ಕಂತಿಂದೇನು?” ಎಂದು ಕೇಳಿದರು.

“ಹ್ಞೂಂ, ಕಂತಿಂದೇ. ಬಡ್ಡೀನೂ ಭಾಳ ಐತಿ” ಅಂದೆ, ಬೇಕೆಂದೇ.

ಬೈದರೂ ಸರಿ, ನನಗಾಗಿ ಒಂದು ಕ್ಷಣ ಗಾಬರಿಯಾಗಲಿ ಎಂದು ಅವರ ಮುಖವನ್ನೇ ನೋಡುತ್ತ ನಿಂತೆ. ಅವರು ತಣ್ಣೀರು ಕೇಳಿ ಕುಡಿದು, ಲೋಟ ನನ್ನ ಕೈಗೆ ಕೊಟ್ಟರು.

“ತೀರಸ್ತಿ ಬಿಡು. ನಿನ್ನ ಚಿಂತಿ ನನಗ ಯಾವತ್ತೂ ಇಲ್ಲ” ಅಂದರು. ಹೊಗಳಿಕೆಯೆಂದೇ ಹೇಳಿದರು.

ಫ್ರಿಜ್ಜಿನ ಕಂತನ್ನು ಒಂದು ತಿಂಗಳೂ ತಪ್ಪಿಸದೆ ತೀರಿಸಿದೆ. ತಪ್ಪಿಸಬೇಕಿತ್ತು.